ಅಯ್ಯನವರು ಬಿಟ್ಟ ಸಂದು

ಓವರ್ಸಿಯರ್ ರೇವಣಸಿದ್ದಯ್ಯನವರು ಉಸುಕನ್ನೂ ನಂಬುತ್ತಿರಲಿಲ್ಲ. ಬಂಡಿಯಲ್ಲಿ ಬಂದ ಉಸುಕಿನಿಂದ ಒಂದು ಹಿಡಿ ತೆಗೆದು, ಮುಷ್ಟಿಯಲ್ಲಿ ಹಿಸುಕಿ, ಅಂಗೈಗೆ ಅಂಟಿಕೊಂಡದ್ದನ್ನು ಬಿಸಿಲಿಗೆ ಹಿಡಿದು ನೋಡುವರು. "ತೊಯ್ದದ. ತೊಯ್ದ ಉಸುಕು ಉಬ್ಬತದ. ಬುಟ್ಟಿ ತುಂಬಿದಂಗ ಕಾಣ್ತದ, ಒಳಗ ಮಾಲು ಕಡಿಮಿ ಇರ್ತದ. ಹ್ಞೂಂ. ಇರ್ಲಿ. ನೋಡೂಣು." ನೀರು ಬಂದರೆ ನಾಲಿಗೆಯ ತುದಿಗೆ ಹಚ್ಚಿ ಉಪ್ಪಿನ ಸವಳು ಹುಡುಕುವರು. ಸಿಮೆಂಟಿನ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಂಪಾಗಿದೆಯೋ ಗಂಟು ಕಟ್ಟಿದೆಯೋ ಎಂದು ವೈದ್ಯರಂತೆ ಕಣ್ಣು ಮುಚ್ಚಿ ನಾಡಿ ನೋಡುವರು. ಕಾಂಕ್ರೀಟಿನ ಕೆಲಸದಲ್ಲಿ ಅನುಮಾನವೆನ್ನುವುದು ಅರ್ಧ ವಿದ್ಯೆ ಎಂದು ಅವರೇ ಹೇಳುತ್ತಿದ್ದರು. ಉಳಿದರ್ಧ ಏನೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರಾದರೂ ಕದ್ದಾರು ಎಂಬ ಅನುಮಾನ.

ನಾನು ಅವರ ಕೈಕೆಳಗೆ ಹಾಜರಿ ಬರೆಯುವ ಗುಮಾಸ್ತ. ಚಿತ್ತಾಪುರದವನು, ಅಂಬಾರಾಯ. ಹೈದರಾಬಾದಿನ ಕಾಲೇಜಿನಲ್ಲಿ ಇತಿಹಾಸ ಓದಿದ್ದೆ. ವಾಡಿಗೆ ಬಂದ ಮೇಲೆ 'ಇತಿ' ಕಳಚಿ ಬಿದ್ದು ರಸ್ತೆಯ 'ಹಾಸು' ಮಾತ್ರ ಉಳಿಯಿತು. ನನ್ನನ್ನೂ ಅವರು ಉಸುಕಿನಂತೆಯೇ ಆಗಾಗ ಹಿಸುಕಿ ನೋಡುತ್ತಿದ್ದರು.

ಆಗ ನಿಜಾಮನ ರಾಜ್ಯ ಮುಗಿಸಿದ ಪೊಲೀಸ್ ಆ್ಯಕ್ಷನ್ ಆಗಿ ಐದಾರು ವರ್ಷ ಕಳೆದಿದ್ದರೂ ನಮ್ಮ ಕಡೆ ಯಾರೂ ಯಾರನ್ನೂ ಪೂರ್ತಿ ನಂಬುವ ರೂಢಿಗೆ ಮರಳಿರಲಿಲ್ಲ. ಯಾರು ಯಾರ ಹೆಸರು ಯಾರ ಮುಂದೆ ಹೇಳಿದರು ಎಂಬ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಅಂಥ ಕಾಲದಲ್ಲಿ ಅಯ್ಯನವರಿಗೆ ಒಂದು ಕನಸು ಹತ್ತಿತ್ತು. ವಾಡಿಯ ರೈಲ್ವೆ ಗೇಟಿನಿಂದ ಶಹಾಬಾದಿನ ಕಡೆ ಹೋಗುವ ದಾರಿ ಪ್ರತಿ ಮಳೆಗಾಲ ಕೆಸರಾಗಿ, ಪ್ರತಿ ಬೇಸಿಗೆ ಬಾಯಿ ಬಿಡುತ್ತಿತ್ತು. ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿದ ಬಂಡಿಗಳ ಕಬ್ಬಿಣದ ಪಟ್ಟಿ, ಕೆಳಗೆ ಉಬ್ಬುವ ಕುಗ್ಗುವ ಕಪ್ಪು ಎರಿಮಣ್ಣು. ನಡುವೆ ಸಿಕ್ಕಿದ ಜಲ್ಲಿಕಲ್ಲಿನ ಖಡಿ ಬೀಸುವ ಕಲ್ಲಿಗೆ ಸಿಕ್ಕ ಜೋಳದ ಹಾಗೆ ಹಿಟ್ಟಾಗುತ್ತಿತ್ತು. ಅಯ್ಯನವರು ಮೇಲಿನವರ ಬೆನ್ನು ಬಿದ್ದು, ಎರಿಮಣ್ಣು ಅಗೆದು ತೆಗೆದು, ಗರಸಿನಂಥ ಮೊರಂ ತುಂಬಿ ಬಡಿದು, ಅದರ ಮೇಲೆ ಕಾಂಕ್ರೀಟ್ ಹಾಸಲು ಒಪ್ಪಿಗೆ ತಂದಿದ್ದರು. ಪ್ರಯೋಗಕ್ಕೆ ಎರಡು ಫರ್ಲಾಂಗು. ಒಂದು ಬೇಸಿಗೆ ತಡೆದು ನಿಂತರೆ ಮುಂದೆ ಇನ್ನೊಂದು ದಿಕ್ಕಿನ ಚಿತ್ತಾಪುರ, ಸೇಡಂವರೆಗೂ ಅಂಥದೇ ರಸ್ತೆ.

"ತಡೀಲಿಲ್ಲ ಅಂದ್ರ?" ಎಂದು ನಾನೊಮ್ಮೆ ಕೇಳಿದ್ದೆ.

"ತಡೀಲಿಲ್ಲ ಅಂದ್ರ ಸಿಮೆಂಟ್ ತಿಂದಾನ ಅಂತ ಬರೀತಾರ. ರಸ್ತಾ ಮತ್ತ ಹಾಕಬಹುದು ಅಂಬಾರಾಯ. ನಮ್ಮದು ಮಠದ ಮನಿತನ. ಕಳ್ಳ ಅನ್ನೂ ಹೆಸರು ಬಂತಂದ್ರ ಅದನ್ನ ಯಾರು ಅಗದು ತಗೀತಾರ?"

ಹಿಂದೆ ಬೇರೆ ಊರಿನಲ್ಲಿ ಒಬ್ಬ ಗುತ್ತಿಗೆದಾರ ನಕ್ಷೆ ನೋಡಿಕೊಂಡು, ಯಾರೂ ಅಳೆಯದ ನಡುಭಾಗದಲ್ಲೇ ದಪ್ಪ ಕಡಿಮೆ ಮಾಡಿ ಇವರ ಕಣ್ಣಿಗೆ ಮಣ್ಣೆರಚಿದ್ದನಂತೆ. ಅಂದಿನಿಂದ ಅಯ್ಯನವರ ನಕ್ಷೆಗಳು ಹಸಿರು ಬಣ್ಣದ ಟ್ರಂಕಿನಲ್ಲಿ, ಟ್ರಂಕು ಅವರ ಮಂಚದ ಕೆಳಗೆ, ಕೀಲಿಕೈ ಅವರ ಲಿಂಗದ ಕರಡಿಗೆಯ ದಾರದಲ್ಲಿ. ಈ ಸಲ ಗುತ್ತಿಗೆದಾರನೇ ಬೇಡವೆಂದು ಇಲಾಖೆಯ ಕೂಲಿಯಿಂದಲೇ ಕೆಲಸ ಮಾಡಿಸಿದರು. ಕೆಲಸದವರಿಗೂ ಪೂರ್ತಿ ವಿಷಯ ಗೊತ್ತಾಗಬಾರದು. ಮೇಸ್ತ್ರಿಗೆ ಅಂಚಿನ ಮಾತು ಮಾತ್ರ, ನೀರು ಹೊರುವ ಹೆಂಗಸರಿಗೆ ನೀರಿನ ಮಾತು ಮಾತ್ರ. ನನಗೆ ಹಾಜರಿ ಬಿಟ್ಟು ಬೇರೆ ಯಾವ ಮಾತೂ ಇಲ್ಲ.

ಮೇಸ್ತ್ರಿ ಸೂಗಪ್ಪ ಶಹಾಬಾದಿನವನು. ಅಜ್ಜನ ಕಾಲದಿಂದ ಫರಸಿ ಕೂರಿಸುವ ಮನೆತನ. ಅವನು ಹಾಸಿದ ನೆಲದಲ್ಲಿ ಎರಡು ಕಲ್ಲಿನ ನಡುವೆ ಸಂದು ಹುಡುಕಲು ಇರುವೆಗಳೂ ದಣಿಯುತ್ತವೆ ಎಂದು ಹೆಮ್ಮೆ. ಅವನ ದೊಡ್ಡವ್ವ ಗುರುಲಿಂಗಮ್ಮ ಹೆಂಗಸರ ಗುಂಪಿನ ಯಜಮಾನಿ. ಬೆಳಿಗ್ಗೆ ಕೆಲಸಕ್ಕೆ ಬಂದವಳೇ ಸೆರಗು ಹೊದ್ದು ಅಯ್ಯನವರ ಪಾದ ಮುಟ್ಟುವಳು. ಅಯ್ಯನವರು ಪಾದ ಹಿಂದೆಳೆದುಕೊಂಡು, ಈಕೆ ಬಗ್ಗಿದ ಹೊತ್ತಿನಲ್ಲಿ ಆಚೆ ಯಾರು ಏನು ಎತ್ತಿಕೊಂಡು ಹೋಗುತ್ತಿದ್ದಾರೆ ಎಂದು ಅವಳ ತಲೆಯ ಮೇಲಿಂದ ನೋಡುವರು.

ಚಳಿಗಾಲದಲ್ಲಿ ಹಾಸು ಶುರುವಾಯಿತು. ಒಂದು ತುಂಡು ಹಾಸಿದ ಮೇಲೆ ಅದರ ತುದಿಗೆ ಎಣ್ಣೆ ಹಚ್ಚಿದ ಹಲಗೆ ನಿಲ್ಲಿಸಿ ಮುಂದಿನ ತುಂಡು ಹಾಸಬೇಕು. ಕಾಂಕ್ರೀಟ್ ಬಿಗಿಯುತ್ತಿದ್ದ ಹಾಗೆ ಹಲಗೆ ಎಳೆದು ತೆಗೆಯಬೇಕು. ಅಲ್ಲಿ ಹೆಬ್ಬೆರಳಿನಷ್ಟು ಅಗಲದ ಸಂದು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಮೇಲಿನಿಂದ ತಳದವರೆಗೆ. ಅದರೊಳಗೆ ಎಣ್ಣೆಯಲ್ಲಿ ಅದ್ದಿದ ಸೆಣಬಿನ ಹಗ್ಗ ತುರುಕಿಸಿ, ಹಾಸು ಬಿರಿಯದೆ ಗಟ್ಟಿಯಾಗಲೆಂದು ಮೇಲೆ ಮಣ್ಣು ಹರಡಿ ನೀರು ನಿಲ್ಲಿಸಿದರು.

ಮೊದಲನೇ ಹಲಗೆ ಎಳೆದ ದಿನ ಸೂಗಪ್ಪ ಆ ಸಂದನ್ನು ಹಲ್ಲು ಬಿದ್ದ ಬಾಯಿ ನೋಡಿದ ಹಾಗೆ ನೋಡಿದ.

"ಇದ್ಯಾಕ್ರಿ ಅಯ್ಯನವ್ರ, ಇಷ್ಟು ಬಾಯಿ ಬಿಡಿಸಿದ್ರಿ?"

"ನಿನಗ್ಯಾಕ ಅದು? ಹೇಳಿದಷ್ಟು ಮಾಡು."

"ಮಾಡ್ತೀನ್ರಿ. ಹಂಗಲ್ಲ, ನೋಡಿದವ್ರು ನನಗ ನಗ್ತಾರ."

"ನಗ್ಲಿ. ಯಾರು ನಗ್ತಾರ ಹೆಸರು ಹೇಳು, ನೋಡೂಣು."

ಸಂದು ಬಿಟ್ಟಲ್ಲಿ ಸಂದೇಹ ಹೊಕ್ಕಿತು. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಗುರುಲಿಂಗಮ್ಮ ಗೇಣು ಹಾಕಿ ಸಂದಿನ ಉದ್ದ ಅಗಲ ಆಳ ನೋಡಿ, ಅದರಲ್ಲಿ ಎಷ್ಟು ಬುಟ್ಟಿ ಮಾಲು ಹಿಡಿಯುತ್ತಿತ್ತು ಎಂದು ಅಂದಾಜು ಕಟ್ಟಿದ್ದಳು. ಆ ಮಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರವೂ ವಾರದೊಳಗೆ ಸಿಕ್ಕಿತು. ಅಯ್ಯನವರು ದಿನದಿನದ ಮಾಲಿನಿಂದ ಅಚ್ಚಿನಲ್ಲಿ ಗಟ್ಟಿಗಳನ್ನು ಎರಕ ಹಾಕಿಸಿ, ನೀರಿನ ತೊಟ್ಟಿಯಲ್ಲಿ ನೆನೆಹಾಕಿ, ಗೋಣಿತಟ್ಟಿನಲ್ಲಿ ಸುತ್ತಿ, ಸ್ವತಃ ರೈಲಿನಲ್ಲಿ ಶಹಾಬಾದಿಗೆ ಒಯ್ಯುತ್ತಿದ್ದರು. ಅಲ್ಲಿನ ಕಾರ್ಖಾನೆಯಲ್ಲಿ ಗಟ್ಟಿಯನ್ನು ಹಿಚುಕಿ, ಎಷ್ಟು ಭಾರಕ್ಕೆ ಒಡೆಯುತ್ತದೆಂದು ನೋಡುವ ಯಂತ್ರವಿತ್ತು. ಇದು ನನಗೆ ಗೊತ್ತಿತ್ತು. ಗುರುಲಿಂಗಮ್ಮನಿಗೆ ಹೇಳಿದೆ ಕೂಡ.

"ಏನಂದಿ ತಮ್ಮಾ? ಆ ತಟ್ಟಿನ್ಯಾಗ ಏನದ?"

"ಕಲ್ಲು ದೊಡ್ಡವ್ವ. ನಾವು ಮಾಡಿದ ಕಲ್ಲು."

"ಶಹಾಬಾದಕ್ಕ ಕಲ್ಲು ಒಯ್ಲಿಕತ್ತಾರ?" ಆಕೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಇಡೀ ಮುಲ್ಕಿಗೆ ಕಲ್ಲು ಕೊಡೂ ಊರಿಗೆ ಇವ್ರು ಕಲ್ಲು ಒಯ್ತಾರಂತ. ಓದಿದವ್ರು ನೀವು, ಹೇಳೂದಾದ್ರ ಸರಿಯಾಗಿ ಸುಳ್ಳು ಹೇಳ್ರಿ."

ನಾನು ಮತ್ತೆ ವಾದಿಸಲಿಲ್ಲ. ಸಂದು ಯಾಕೆ ಬಿಟ್ಟಿದ್ದಾರೆಂದು ನನಗೂ ಗೊತ್ತಿರಲಿಲ್ಲವಲ್ಲ. ಕೇಳಿದ್ದಕ್ಕೆ ಅಯ್ಯನವರು, "ಯಾಕ ಕೇಳ್ತಿ? ನಿನಗ ಯಾರು ಕೇಳಂದ್ರು?" ಎಂದಿದ್ದರು.

ಹೀಗೆ ಚಳಿ ಕಳೆಯಿತು. ಅಯ್ಯನವರು ಎಲ್ಲರನ್ನೂ ಕಳ್ಳರೆಂದು ತಿಳಿದು ಕಾವಲು ಕಾದರು. ಎಲ್ಲರೂ ಅಯ್ಯನವರನ್ನು ಕಳ್ಳರೆಂದು ತಿಳಿದು ಪಾದ ಮುಟ್ಟಿದರು. ಹೋಳಿ ಮುಗಿದ ಮೇಲೆ ಹೈದರಾಬಾದಿನಿಂದ ದೊಡ್ಡ ಸಾಹೇಬರು ರಸ್ತೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಸಂದುಗಳಿಗೆ ತುಂಬಬೇಕಾದ ಡಾಂಬರು ಇನ್ನೂ ಬಂದಿರಲಿಲ್ಲ. ಅದನ್ನು ಹೊರಡಿಸಲು ಅಯ್ಯನವರೇ ಹೈದರಾಬಾದಿಗೆ ಹೋಗಿ ಕೆಲವು ದಿನ ಕುಳಿತರು. ಗೋದಾಮಿನ ಕಾವಲಿಗೆ ಸೇಡಂ ಕಡೆಯ ನರಸಪ್ಪನನ್ನು ಬಿಟ್ಟು, ನರಸಪ್ಪನ ಮೇಲೆ ಕಣ್ಣಿಡಲು ನನಗೆ ಹೇಳಿ, ನನ್ನ ಮೇಲೆ ಕಣ್ಣಿಡಲು ನರಸಪ್ಪನಿಗೆ ಹೇಳಿ ಹೋದರು. ನಾವಿಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ನೋಡುತ್ತ ಕುಳಿತದ್ದರಿಂದ ಬೇರೆ ಯಾವುದರ ಮೇಲೂ ಕಣ್ಣಿಡಲಾಗಲಿಲ್ಲ.

ಅವರು ಮರಳಿ ಬಂದ ದಿನ ಗುರುಲಿಂಗಮ್ಮನ ಆಡಿಗೆ ಹೊಸ ಹಗ್ಗ ಬಂದಿತ್ತು. ಅಯ್ಯನವರು ರೈಲಿನಿಂದ ಇಳಿದು ಕೊಡೆ ಊರಿಕೊಂಡು ಬರುತ್ತಿದ್ದವರು ನಿಂತು, ಆಡಿನ ಕೊರಳಿಗೆ ಬಗ್ಗಿ, ಹಗ್ಗ ಮೂಸಿದರು.

"ಎಣ್ಣಿ ವಾಸನಿ ಬರ್ತದಲ್ಲ ಗುರುಲಿಂಗವ್ವ. ಇದು ಸರಕಾರದ ಹಗ್ಗ."

"ಹಾದ್ಯಾಗ ಬಿದ್ದಿತ್ರಿ ಅಯ್ಯನವ್ರ. ಒಂದು ತುಂಡು. ಬಡವ್ರು ನಾವು, ಹಗ್ಗಕ್ಕ ಆಶಾ ಬಿದ್ವಿ. ಸಿಮೆಂಟಿಗಲ್ಲ."

ಕೊನೆಯ ಮಾತನ್ನು ಆಕೆ ಆಡಿಗೆ ಹೇಳುವಂತೆ ಹೇಳಿದಳು. ಅಯ್ಯನವರು "ಹ್ಞೂಂ. ಇರ್ಲಿ," ಎಂದು ಮುಂದೆ ಹೋದರು. ಹಗ್ಗ ಕದ್ದ ಅನುಮಾನ ಅವರಿಗೆ ಬಂತು. ಆ ಹಗ್ಗ ಇದ್ದ ಜಾಗದಲ್ಲಿ ಈಗ ಏನಿದೆ ಎಂಬ ಅನುಮಾನ ಮಾತ್ರ ಬರಲಿಲ್ಲ. ರಸ್ತೆಯ ಮೇಲೆ ಇನ್ನೂ ಮಣ್ಣು ಹೊದಿಸಿತ್ತು.

ಸಾಹೇಬರು ಬರಲು ಎರಡೇ ದಿನ ಇದ್ದಾಗ ಮಣ್ಣು ಸರಿಸಿ ಗುಡಿಸಲು ಅಪ್ಪಣೆಯಾಯಿತು. ಬೆಳಗಿನ ಹೊತ್ತು ಗೇಟಿನ ಕಡೆಯಿಂದ ಗುಡಿಸುತ್ತ ಹೊರಟರು. ಬೂದುಬಣ್ಣದ ನೆಲ ಬಯಲಾಯಿತು. ವಾಡಿಯ ಬೇಸಿಗೆ ಗೊತ್ತಲ್ಲ, ಕಲ್ಲಿನ ಸೀಮೆ. ಮೇಲಿನ ಬಿಸಿಲು ಸಾಲದೆಂದು ನೆಲವೂ ತನ್ನ ಪಾಲು ಕೊಡುತ್ತದೆ. ಸೂರ್ಯ ನೆತ್ತಿ ದಾಟಿ ಸ್ವಲ್ಪ ಹೊತ್ತಾಗಿತ್ತು. ನಾವು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದೆವು. ಗೇಟಿನ ಬಳಿ ಬಂದೂಕು ಹಾರಿದಂಥ ಸದ್ದಾಯಿತು.

ಆ ವರ್ಷಗಳಲ್ಲಿ ಅಂಥ ಸದ್ದು ಕೇಳಿದರೆ ಜನ ಮೊದಲು ಬಗ್ಗುತ್ತಿದ್ದರು, ಆಮೇಲೆ ನೋಡುತ್ತಿದ್ದರು. ನಾವು ನೋಡುವಷ್ಟರಲ್ಲಿ ಅಯ್ಯನವರು ಕೊಡೆ ಬಿಸಾಡಿ ಓಡುತ್ತಿದ್ದರು. ಎರಡು ಹಾಸುಗಳು ಕೂಡುವಲ್ಲಿ ಎರಡರ ತುದಿಯೂ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿ ಎದ್ದು, ಒಡೆದು, ಚೂರುಗಳು ಆಚೀಚೆ ಚೆಲ್ಲಿದ್ದವು. ಅಯ್ಯನವರು ಒಂದು ಚೂರು ಎತ್ತಿಕೊಂಡರು. ಅದನ್ನು ತಿರುವಿ ನೋಡಲಿಲ್ಲ. ಅವರ ತಲೆ ಎಷ್ಟೋ ವರ್ಷಗಳಿಂದ ಒಂದೇ ದಾರಿಯಲ್ಲಿ ಓಡಿ ಅಭ್ಯಾಸವಾಗಿತ್ತು. ಈಗಲೂ ಆ ದಾರಿಯಲ್ಲೇ ಓಡಿತು. ಅವರು ನೇರ ಗೋದಾಮಿಗೆ ಹೋಗಿ ಚೀಲ ಎಣಿಸಿದರು. ಕಡಿಮೆ ಇದ್ದವು.

"ನರಸಪ್ಪ, ಚೀಲ ಎಲ್ಲಿ?"

ನರಸಪ್ಪ ಮೊದಲು ತೆಲುಗಿನಲ್ಲಿ ಏನೋ ಗೊಣಗಿ, ಆಮೇಲೆ ಕನ್ನಡದಲ್ಲಿ ನೆಲ ನೋಡಿದ.

"ನನ್ನ ಹಾಸಿನ್ಯಾಗ ಬೀಳಬೇಕಾದ ಸಿಮೆಂಟ್ ಹೊರಗ ಹೋಗ್ಯದ. ಅದಕ್ಕs ಒಡದದ. ಮೇಸ್ತ್ರಿ ಬಿಟ್ಟು ಮಾಲು ಕಲಸೂದು ಯಾರ ಕೈಯಾಗದ?" ಅಯ್ಯನವರು ನನ್ನ ಕಡೆ ತಿರುಗಿದರು. "ನಾಳಿ ಮುಂಜಾನಿ ಠಾಣಾಕ್ಕ ಹೋಗ್ತೀನಿ. ಸೂಗಪ್ಪನ ಹೆಸರು ಕೊಡ್ತೀನಿ. ಸಾಹೇಬ್ರು ನನ್ನ ಹೆಸರು ಬರಿಯೂದರೊಳಗ."

ಸೂಗಪ್ಪ ಗೋದಾಮಿನ ಬಾಗಿಲಲ್ಲೇ ನಿಂತಿದ್ದ. ಆ ಗದ್ದಲದ ವರ್ಷ ಯಾರೋ ಹೆಸರು ಕೊಟ್ಟರೆಂದು ಅವನ ಅಣ್ಣನನ್ನು ಒಯ್ದಿದ್ದರು. ಅಣ್ಣ ತಿರುಗಿ ಬಂದ, ಆದರೆ ಅವನ ಬಲಗೈ ಗಾರೆಯ ಕರಣಿ ಹಿಡಿಯುವಂತೆ ತಿರುಗಿ ಬರಲಿಲ್ಲ. ಸೂಗಪ್ಪ ಗೇಟಿನ ಕಡೆ ಹೊರಟುಹೋದ.

ಗೇಟಿನ ಬಳಿ ರಶೀದಾಬೇಗಂಳ ಚಹಾದ ಅಂಗಡಿ. ಕೆಲಸ ನಿಂತದ್ದರಿಂದ ಎಲ್ಲರೂ ಅಲ್ಲಿ ಸೇರಿದ್ದರು. ನಾನು ಹೋದಾಗ ಸೂಗಪ್ಪ ಗ್ಲಾಸು ಹಿಡಿದು ಕುಳಿತಿದ್ದ, ಚಹಾ ಆರಿ ಕೆನೆ ಕಟ್ಟಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಆ ಮೌನ ರಶೀದಾಬೇಗಂಳ ವ್ಯಾಪಾರಕ್ಕೆ ಒಗ್ಗುವಂಥದ್ದಲ್ಲ.

"ಅಂಬಾರಾಯ ಸಾಬ್, ಝರಾ ಅಯ್ಯ ಬನೋ. ಮನ್ಯಾಗ ಮಯ್ಯತ್ ಆದಂಗ ಎಲ್ಲಾರು ಕುಂತಾರ."

ಸ್ವಲ್ಪ ಅಯ್ಯನಾಗು ಎಂದಳು; ಅನುಕರಣೆ ನನ್ನ ಹಳೆಯ ರೋಗ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಶುರುವಾದದ್ದು. ನಾನು ಚಹಾ ಸೋಸುವ ಬಟ್ಟೆ ಹೆಗಲಿಗೆ ಹಾಕಿ, ಕಟ್ಟಿಗೆಯೊಂದನ್ನು ಕೊಡೆಯಂತೆ ಕಂಕುಳಲ್ಲಿ ಇರುಕಿಕೊಂಡು, ಕತ್ತನ್ನು ಕೊಕ್ಕರೆಯಂತೆ ಮುಂದೆ ಚಾಚಿದೆ. ರಶೀದಾಬೇಗಂಳ ಸಕ್ಕರೆ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಹಿಸುಕಿ ಬಿಸಿಲಿಗೆ ಹಿಡಿದೆ. "ಹ್ಞೂಂ. ತೊಯ್ದದ. ಇರ್ಲಿ. ನೋಡೂಣು." ಇಬ್ಬರು ಮೂವರು ನಕ್ಕರು. ಹುರುಪಿನಿಂದ ಗುರುಲಿಂಗಮ್ಮನ ಮುಂದೆ ಹೋಗಿ ನಿಂತೆ. "ಏನವಾ ಗುರುಲಿಂಗವ್ವ, ನನ್ನ ಚೀಲ ಎಲ್ಲಿ ಹೋದ್ವು?"

ಆಕೆ ನಗಲಿಲ್ಲ. ಸೆರಗು ಹೊದ್ದು ನನಗೆ ಕೈ ಮುಗಿದಳು, ಬೆಳಿಗ್ಗೆ ಅಯ್ಯನವರ ಪಾದ ಮುಟ್ಟುವಾಗಿನ ಭಕ್ತಿಯಿಂದಲೇ.

"ನೀವು ಬಿಟ್ಟ ಸಂದಿನ್ಯಾಗ ಹೋದ್ವುರಿ, ಅಯ್ಯನವ್ರ."

"ಯಾವ ಸಂದು?"

"ಎಲ್ಲಾ ಸಂದು. ಮಾಲು ಉಳಿಸ್ಲಿಕ್ಕಂತ ಬಿಟ್ಟಿದ್ರಲ್ಲ. ತಟ್ಟಿನ್ಯಾಗ ಸುತ್ತಿ ರೈಲಿಗೆ ಹಾಕಿದ್ರಲ್ಲ. ನಮಗ ಕಣ್ಣಿಲ್ಲಂತ ತಿಳದ್ರೇನ್ರಿ? ದೊಡ್ಡ ಸಾಹೇಬ ಬರ್ತಾನ, ಬಂದು ಆ ಬಾಯಿ ನೋಡ್ತಾನ, ಅಯ್ಯನವ್ರ ಮರ್ಯಾದಿ ಹೋಗ್ತದ ಅಂತ ನಾವs ಮುಚ್ಚಿದ್ವಿ. ನೀವು ಹೈದರಾಬಾದಿಗೆ ಹೋದಾಗ ಹಗ್ಗ ಕಿತ್ತು, ಗೋದಾಮಿಂದs ಸಿಮೆಂಟ್ ತಂದು, ತಳಮಟ ತುಂಬಿದ್ವಿ. ಸೂಗಪ್ಪ ತುಂಬ್ಯಾನ ಅಂದ್ರ ಸೂಜಿ ಹೋಗೂದಿಲ್ಲ." ಆಕೆ ಸೂಗಪ್ಪನ ಕಡೆ ಕೈ ಮಾಡಿದಳು. "ನಿಮ್ಮ ಕಳವು ಮುಚ್ಚಿದವನ್ನ ನೀವು ಠಾಣಾಕ್ಕ ಕಳಸ್ಲಿಕತ್ತೀರಿ."

ನನಗೆ ವೇಷ ಕಳಚುವುದೂ ಹೊಳೆಯಲಿಲ್ಲ. ಅದೇ ಧ್ವನಿಯಲ್ಲಿ "ಹ್ಞೂಂ" ಎಂದೆ.

ನನ್ನ ಬೆನ್ನ ಹಿಂದಿನಿಂದಲೂ "ಹ್ಞೂಂ" ಎಂದು ಕೇಳಿತು.

ಅಯ್ಯನವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ನನ್ನ ಕಂಕುಳಿನ ಕಟ್ಟಿಗೆ ಕೆಳಗೆ ಬಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ. ಜೇಬಿನಿಂದ ಆ ಒಡೆದ ಚೂರು ತೆಗೆದು ಈಗ ಮೊದಲ ಸಲ ತಿರುವಿ ನೋಡಿದರು. ಒಂದು ಬದಿಯಲ್ಲಿ ಖಡಿಯ ಕಾಂಕ್ರೀಟು. ಇನ್ನೊಂದು ಬದಿಗೆ ಕಚ್ಚಿಕೊಂಡು, ಹೆಬ್ಬೆರಳು ದಪ್ಪ, ಖಡಿಯಿಲ್ಲದ ನುಣ್ಣನೆಯ ಸಿಮೆಂಟಿನ ಪಟ್ಟಿ.

ಗುರುಲಿಂಗಮ್ಮ ಎದ್ದು ನಿಂತಿದ್ದಳು. ಸೆರಗು ಜಾರಿದ್ದೂ ಗೊತ್ತಿರಲಿಲ್ಲ.

"ನಾ ಕಳ್ಳ ಅಂತ ಯಾವಾಗಿಂದ ಗೊತ್ತಾತು ನಿಮಗ?" ಅಯ್ಯನವರು ಕೇಳಿದರು. ಸಿಟ್ಟಿನ ಧ್ವನಿಯಲ್ಲ.

"ಮೊದಲನೇ ಸಂದಿನಿಂದ್ರಿ."

"ಆದ್ರೂ ದಿನಾ ಪಾದ ಮುಟ್ತಿದ್ದಿ."

"ಪಾದ ಬ್ಯಾರೆ, ಕೈ ಬ್ಯಾರೆ ಅಲ್ಲೇನ್ರಿ," ಎಂದಳು ಗುರುಲಿಂಗಮ್ಮ.

ಅಯ್ಯನವರು ಬೆಂಚಿನ ಮೇಲೆ ಕುಳಿತುಬಿಟ್ಟರು. ರಶೀದಾಬೇಗಂ ಕೇಳದೆಯೇ ಒಂದು ಗ್ಲಾಸು ಚಹಾ ಮುಂದಿಟ್ಟಳು. ಅವರು ಅದನ್ನು ಅನುಮಾನಿಸದೆ ಕುಡಿದದ್ದು ನೋಡಿ ನನಗೆ ಹೆದರಿಕೆಯಾಯಿತು. ಕುಡಿದು ಮುಗಿಸಿ, ಕೊರಳ ದಾರದಿಂದ ಕೀಲಿಕೈ ಬಿಚ್ಚಿ ನನಗೆ ಕೊಟ್ಟರು. "ಟ್ರಂಕು ತಗೊಂಡು ಬಾ. ಇಲ್ಲಿಗೆ."

ನಕ್ಷೆಯನ್ನು ಅಂಗಡಿಯ ಮುಂದಿನ ಫರಸಿಯ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಗ್ಲಾಸು ಇಟ್ಟರು. ಎಲ್ಲರೂ ಬಗ್ಗಿ ನೋಡಿದರು. ನೀಲಿ ಕಾಗದದ ಮೇಲೆ ಬಿಳಿ ಗೆರೆಗಳು, ಅಡ್ಡಗೆರೆಗಳೆಲ್ಲ ಸಂದುಗಳು. ಯಾರಿಗೂ ಏನೂ ತಿಳಿಯಲಿಲ್ಲ.

"ಬಿಡೂ ಸಂದು ಮೊದಲs ಬರದು ಇಟ್ಟಾರ," ಎಂದ ನರಸಪ್ಪ, ಸರಕಾರಿ ಮೊಹರು ಒತ್ತಿದ ಕಳವನ್ನು ಇದೇ ಮೊದಲು ಕಂಡವನಂತೆ.

ಅಯ್ಯನವರು ಕಾಗದ ಬಿಟ್ಟು ಎದ್ದು, ಎಲ್ಲರನ್ನೂ ರೈಲಿನ ಹಳಿಯ ಹತ್ತಿರ ಕರೆದೊಯ್ದರು. ಎರಡು ಹಳಿ ಕೂಡುವಲ್ಲಿ ಕೊಡೆಯ ತುದಿ ಇಟ್ಟರು. "ಇಲ್ಲಿ ಸಂದು ಅದನೋ ಇಲ್ಲೋ?"

"ಅದರಿ," ಎಂದ ಸೂಗಪ್ಪ.

"ಯಾಕ ಬಿಟ್ಟಾರ?"

ಸೂಗಪ್ಪ ಸಂಕೋಚದಿಂದ ಆಚೀಚೆ ನೋಡಿದ. "ಅದನ್ನೂ ಯಾರೋ ತಿಂದಿರಬೇಕು ಅನ್ಕೊಂಡಿದ್ವಿರಿ."

ಅಯ್ಯನವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ, ಮತ್ತೆ ನೋಡಲಿಲ್ಲ. "ಬಿಸಲಿಗೆ ಕಬ್ಬಿಣ ಉದ್ದಾಗ್ತದ. ಉದ್ದಾಗ್ಲಿಕ್ಕ ಜಾಗಾ ಬೇಕು. ನಮ್ಮ ಹಾಸೂ ಹಂಗs. ಚಳಿಗಾಲದಾಗ ಹಾಕೀವಿ, ಆಗ ಕುಗ್ಗಿ ಮಲಗಿತ್ತು. ಬಿಸಲು ಬಿತ್ತಂದ್ರ ಮೈ ಮುರೀತದ. ನೀವು ಅದರ ಜಾಗಾದಾಗ ಸಿಮೆಂಟ್ ತುಂಬಿದ್ರಿ. ಆ ಕಡಿಯಿಂದ ಇದು ತಳ್ತು, ಈ ಕಡಿಯಿಂದ ಅದು ತಳ್ತು. ಎದ್ದು ಒಡೀತು."

"ಕಲ್ಲಿನಂಥಾದ್ದು ಮೈ ಮುರೀತದ?" ಗುರುಲಿಂಗಮ್ಮ ಕೇಳಿದಳು. ನಂಬಿದ ಧ್ವನಿಯಲ್ಲ.

"ಮುರೀತದ."

"ನಮಗ ಮದಲs ಹೇಳಬಾರ್ದಾಗಿತ್ತೇನ್ರಿ?"

ಆಚೆ ಬಿಸಿಲಿನಲ್ಲಿ ರಸ್ತೆ ಇನ್ನೂ ಕಾಯುತ್ತಿತ್ತು. ಅಯ್ಯನವರು ಆ ಕಡೆ ನೋಡಿ, ಇದ್ದ ತಟ್ಟು, ಇದ್ದ ಮಣ್ಣು ಎಲ್ಲ ಮತ್ತೆ ಹಾಸಿನ ಮೇಲೆ ಹಾಕಿ ನೀರು ಹೊಯ್ಯಿರಿ ಎಂದರು. ಈ ಸಲ ಯಾಕೆಂದೂ ಹೇಳಿದರು: ತಂಪಾದರೆ ಕುಗ್ಗುತ್ತದೆ, ಕುಗ್ಗಿದರೆ ಉಳಿದ ಸಂದುಗಳು ಬಚಾವು. ಹೆಂಗಸರು ಅಂದು ಸಂಜೆಯವರೆಗೆ ಓಡುತ್ತ ನೀರು ಹೊತ್ತರು. ಮರುದಿನ ಬೆಳಕು ಹರಿಯುತ್ತಲೇ ಸೂಗಪ್ಪ ಶಹಾಬಾದಿನಿಂದ ತನ್ನ ಬೀಗರು, ಭಾವಂದಿರನ್ನೆಲ್ಲ ಉಳಿ ಸುತ್ತಿಗೆಯೊಂದಿಗೆ ಕರೆತಂದ. ಸಂದಿಗೊಬ್ಬೊಬ್ಬರು ಕುಳಿತು, ತುಂಬಿದ ಸಿಮೆಂಟನ್ನು ಹಾಸಿನ ಅಂಚಿಗೆ ಪೆಟ್ಟಾಗದಂತೆ ಕೆತ್ತಿ ತೆಗೆದರು. ಸೂಗಪ್ಪ ಕೆತ್ತುತ್ತ ಗೊಣಗುತ್ತಿದ್ದ: ಜೀವಮಾನದಲ್ಲಿ ಇಷ್ಟು ಚೆಂದ ಸಂದು ತುಂಬಿರಲಿಲ್ಲ, ಅದನ್ನೇ ಕೀಳುವ ಕರ್ಮ. ಅಯ್ಯನವರು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸಂದಿನಿಂದ ಚೂರು ಎತ್ತಿ ಬುಟ್ಟಿಗೆ ಹಾಕುತ್ತಿದ್ದರು.

ಸಾಹೇಬರು ಬಂದರು. ಬಿಳಿ ಹ್ಯಾಟು, ಇಂಗ್ಲಿಷು, ಉರ್ದು. ಕನ್ನಡ ಬೇಕಾದಾಗ ಮಾತ್ರ. ಒಡೆದ ಸಂದಿನ ಮುಂದೆ ಬಹಳ ಹೊತ್ತು ನಿಂತರು. ಅಯ್ಯನವರು ಗಟ್ಟಿಗಳನ್ನು ಕಾರ್ಖಾನೆಯ ಯಂತ್ರ ಎಷ್ಟು ಭಾರಕ್ಕೆ ಒಡೆಯಿತೆಂಬ ಲೆಕ್ಕ ತೋರಿಸಿದರು. ಸಾಹೇಬರು ಒಪ್ಪಿದರು, ಕಾಂಕ್ರೀಟಿನಲ್ಲಿ ದೋಷವಿಲ್ಲ. ಆಮೇಲೆ ಗೋದಾಮಿನ ಕಡೆ ಬೆರಳು ಮಾಡಿದರು. ಕಡಿಮೆಯಾದ ಚೀಲಗಳು?

ಅಯ್ಯನವರು ರಸ್ತೆಯ ಬದಿಯ ರಾಶಿ ತೋರಿಸಿದರು. ಕೆತ್ತಿ ತೆಗೆದ ಚೂರುಗಳು.

"ಸರಕಾರದ ಸಿಮೆಂಟ್ ಕದ್ದು," ಸಾಹೇಬರು ನಿಧಾನವಾಗಿ ಹೇಳಿದರು, "ಸರಕಾರದ ರಸ್ತೆಗೇ ಹಾಕಿದರು. ಇದನ್ನು ನಾನು ನಂಬಬೇಕು."

"ಹೌದು ಸಾರ್."

"ಯಾರು ಅವರು? ಹೆಸರು ಕೊಡಿ."

ಸೂಗಪ್ಪ ನನ್ನ ಪಕ್ಕದಲ್ಲಿದ್ದ. ಹೆಸರು ಕೊಟ್ಟಿದ್ದರೆ ಅಯ್ಯನವರ ಕೆಲಸ ಅಲ್ಲೇ ಉಳಿಯುತ್ತಿತ್ತು. ಒಬ್ಬ ಮೇಸ್ತ್ರಿಯನ್ನು ಠಾಣೆಗೆ ಕಳಿಸಿ ಎಲ್ಲರೂ ಊಟಕ್ಕೆ ಹೋಗುತ್ತಿದ್ದರು.

"ನಕ್ಷೆ ನನ್ನ ಟ್ರಂಕಿನಲ್ಲಿತ್ತು ಸಾರ್," ಎಂದರು ಅಯ್ಯನವರು. "ಸಂದು ಯಾಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಗೊತ್ತಿಲ್ಲದೆ ಮುಚ್ಚಿದ್ದಾರೆ. ಅದು ನನ್ನ ತಪ್ಪು."

"ನಾನು ಕೇಳಿದ್ದು ಹೆಸರು."

"ಹೇಳಿದೆನಲ್ಲ ಸಾರ್. ರೇವಣಸಿದ್ದಯ್ಯ."

ಸಾಹೇಬರು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ಅಯ್ಯನವರು ಉಸುಕು ನೋಡುತ್ತಿದ್ದ ಹಾಗೆಯೇ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹದಿನೈದು ದಿನಕ್ಕೆ ಹುಕುಂ ಬಂತು. ಒಡೆದ ಜಾಗ ಕತ್ತರಿಸಿ ಹೊಸದಾಗಿ ಹಾಕಬೇಕು, ಸಂದುಗಳಿಗೆ ಡಾಂಬರು ತುಂಬಬೇಕು, ಅಂಥದೇ ರಸ್ತೆ ಚಿತ್ತಾಪುರದ ಕಡೆಗೂ ಹಾಸಬೇಕು. ಓವರ್ಸಿಯರ್ ರೇವಣಸಿದ್ದಯ್ಯನವರು ಚಿಂಚೋಳಿಗೆ ಹೋಗಬೇಕು. ಅಲ್ಲಿ ಅಡವಿಯ ದಾರಿಗೆ ಖಡಿ ಹಾಕಿಸುವ ಕೆಲಸ. ಕಾಂಕ್ರೀಟಿನ ಹತ್ತಿರ ಅವರನ್ನು ಬಿಡಬಾರದೆಂದು ಹುಕುಮಿನಲ್ಲಿ ಬರೆದಿರಲಿಲ್ಲ, ಆದರೆ ಹಾಗೆಯೇ ಇತ್ತು.

"ಬರೇ ಚಿಂಚೋಳಿನಾ?" ಎಂದಳು ಗುರುಲಿಂಗಮ್ಮ ನನ್ನ ಕಿವಿಯಲ್ಲಿ. "ಸಾಹೇಬಗ ಏನು ಕೊಟ್ರಂತ?"

ಅವರು ಹೊರಟ ದಿನ ಸಂದುಗಳಿಗೆ ಡಾಂಬರು ಬಿದ್ದಿತ್ತು. ಕಲ್ಲಿನ ಬಂಡಿಗಳು ಗೇಟು ದಾಟಿ ಹೊಸ ಹಾಸಿನ ಮೇಲೆ ಹೋಗುತ್ತಿದ್ದವು. ಪ್ರತಿ ಸಂದಿಗೂ ಗಾಲಿ ಒಂದು ಸಣ್ಣ ಸದ್ದು ಮಾಡುತ್ತಿತ್ತು, ರೈಲಿನದೇ ಸದ್ದು, ಎತ್ತಿನ ನಡಿಗೆಗೆ ಇಳಿಸಿದಂತೆ. ಅಯ್ಯನವರು ಬಸ್ಸಿಗೆ ಕಾಯುತ್ತ ಅದನ್ನೇ ಕೇಳುತ್ತ ನಿಂತಿದ್ದರು. ಗುರುಲಿಂಗಮ್ಮ ಬಂದು ಪಾದ ಮುಟ್ಟಿದಳು. ಅವರು ಪಾದ ಎಳೆದುಕೊಳ್ಳಲಿಲ್ಲ, ಅವಳ ತಲೆಯಾಚೆ ನೋಡಲೂ ಇಲ್ಲ.

ಸೇಡಂ ಮೇಲೆ ಚಿಂಚೋಳಿಗೆ ಹೋಗುವ ಬಸ್ಸು ಬಂತು. ನಾನು ಟ್ರಂಕಿಗೆ ಕೈ ಹಾಕಿದೆ. ಗುರುಲಿಂಗಮ್ಮ ನನ್ನನ್ನು ಸರಿಸಿ, ತಾನೇ ಎತ್ತಿ, ಒಂದು ಗಳಿಗೆ ಕೈಯಲ್ಲಿ ತೂಗಿ ನೋಡಿ, ಬಸ್ಸಿನ ಮೇಲಿದ್ದ ಸೂಗಪ್ಪನಿಗೆ ಕೊಟ್ಟಳು. ಸೂಗಪ್ಪ ಇಳಿದ, ಅಯ್ಯನವರು ಹತ್ತಿದರು, ಬಸ್ಸು ಧೂಳೆಬ್ಬಿಸಿ ಹೋಯಿತು.

"ಭಾಳ ಹಗುರ ಅದ ತಮ್ಮಾ," ಎಂದಳು.

"ಬರೇ ಕಾಗದ ಅವ ದೊಡ್ಡವ್ವ. ನಕ್ಷೆ. ಅವತ್ತು ನೀನೂ ನೋಡಿದ್ಯಲ್ಲ."

ಗುರುಲಿಂಗಮ್ಮ ಬಸ್ಸು ಹೋದ ದಿಕ್ಕನ್ನೇ ನೋಡುತ್ತಿದ್ದಳು.

"ಬರೇ ಕಾಗದ ಇದ್ರ ಮತ್ತ ಕೀಲಿ ಯಾಕ ಹಾಕ್ಯಾರ?"